ಪಾತರಗಿತ್ತಿಗಳ ಕೋರಿಕೆ ನಿಲುಗಡೆ

ನಮ್ಮ ತಮ್ಮನಿಗೆ ಹುಚ್ಚು ಹಿಡಿದಿದೆ ಎಂದು ಓಣಿಯವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಹುಚ್ಚು ಹಿಡಿದವರಿಗೆ ನಡುನಡುವೆ ಒಂದಿಷ್ಟು ಬಿಡುವಾದರೂ ಸಿಗುತ್ತದೆ. ಇವನಿಗೆ ಅದೂ ಇಲ್ಲ!

ಇವನ ಹುಚ್ಚು ಪಾತರಗಿತ್ತಿಯದು. ಒಂದಲ್ಲ ಎರಡಲ್ಲ, ಹಿಂಡು ಹಿಂಡು. ಅವು ತತ್ತಿಯಾಗಿದ್ದಾಗಿನಿಂದ ಹಿಡಿದು ರೆಕ್ಕೆ ಬಡಿದು ಊರು ಬಿಡುವವರೆಗೆ ಅವುಗಳ ಯೋಗಕ್ಷೇಮ ಇವನದು. ಇವನ ಯೋಗಕ್ಷೇಮ ನನ್ನದು. ಕರಿಬೇವು ಹೋಯಿತು, ಸುಮ್ಮನಿದ್ದೆ. ಕೊಡೆ ಹೋಯಿತು, ಸುಮ್ಮನಿದ್ದೆ. ಆದರೆ ಈ ವರ್ಷ ನನ್ನ ಹೊಲದ ಕಬ್ಬಿನ ನಾಟಿಯನ್ನೇ ನಿಲ್ಲಿಸಿಬಿಟ್ಟ. ಹುಳಕ್ಕಾಗಿ ಕಬ್ಬು ತಡೆದ ರೈತರು ಚಿಕ್ಕೋಡಿ ತಾಲೂಕಿನಲ್ಲಿ ಇನ್ನೊಬ್ಬರಿದ್ದರೆ ದಯವಿಟ್ಟು ಬಂದು ನನ್ನನ್ನು ಕಾಣಬೇಕು. ಇಬ್ಬರೂ ಕೂಡಿ ಅಳೋಣ.

ಮೊದಲಿನಿಂದ ಹೇಳುತ್ತೇನೆ. ನಾನು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದವಳು. ಬೆಳಗಿನ ಗಂಟೆ, ಸ್ನಾನದ ಗಂಟೆ, ಊಟದ ಗಂಟೆ, ದೀಪ ಆರಿಸುವ ಗಂಟೆ ಎಂದು ಆಯುಷ್ಯ ಕಳೆದವಳು. ತಮ್ಮನದೂ ಗಂಟೆಯ ಕೆಲಸವೇ. ಅಥಣಿಯಿಂದ ಚಿಕ್ಕೋಡಿ ಹಾಯ್ದು ನಿಪ್ಪಾಣಿಗೆ ಹೋಗುವ ಬಸ್ಸಿನಲ್ಲಿ ನಿವೃತ್ತನಾಗುವವರೆಗೂ ಕಂಡಕ್ಟರ್. ಇಬ್ಬರೂ ಗಂಟೆಯವರೇ ಆದರೂ ಒಂದು ವ್ಯತ್ಯಾಸವಿದೆ. ನನ್ನ ಗಂಟೆಗೆ ಜನ ಏಳುತ್ತಿದ್ದರು, ಅವನ ಬಸ್ಸಿನಲ್ಲಿ ಜನ ಮಲಗುತ್ತಿದ್ದರು.

ಅವನ ಹೆಂಡತಿ ತೀರಿಕೊಂಡ ಮೇಲೆ ಹಾರೂಗೇರಿಯಲ್ಲಿರುವ ಮಗಳು ಬಾ ಬಾ ಎಂದು ಕರೆದಳು. ಅಲ್ಲಿಗೆ ಹೋಗದೆ ನನ್ನ ಮನೆಗೆ ಬಂದ. ಒಡಹುಟ್ಟಿದವಳ ಮೇಲಿನ ಮಾಯೆ ಎಂದು ತಿಳಿದು ನನ್ನ ಕಣ್ಣಲ್ಲಿ ನೀರು ಬಂತು. ಆ ನೀರು ಒಣಗಲು ಎರಡು ದಿನ ಸಾಕಾಯಿತು. ಮಗಳ ಮನೆಯ ಅಂಗಳಕ್ಕೆ ಪೂರ್ತಿ ಫರಸಿ ಹಾಸಿದ್ದಾರಂತೆ. ಒಂದು ಗಿಡವೂ ಇಲ್ಲವಂತೆ. ನನ್ನ ಹಿತ್ತಲಲ್ಲಿ ಕರಿಬೇವಿದೆ, ನಿಂಬೆ ಇದೆ, ಬೇಲಿಗೆ ಎಕ್ಕೆ ಗಿಡ ಬೆಳೆದಿದೆ. ಅವನು ಬಂದದ್ದು ಅಕ್ಕನ ಮನೆಗಲ್ಲ, ಎಕ್ಕೆಯ ಮನೆಗೆ!

ಬಂದ ವಾರದಲ್ಲೇ ಕರಿಬೇವಿಗೆ ಕೈ ಹಚ್ಚಬಾರದೆಂದು ಅಪ್ಪಣೆಯಾಯಿತು. ಎಲೆಯ ಮೇಲೆ ಕಾಗೆ ಹಿಕ್ಕೆ ಹಾಕಿದೆ ಎಂದು ನಾನು ಒಂದು ತಂಬಿಗೆ ನೀರು ಚೆಲ್ಲಿದ್ದೆ. ಅದು ಹಿಕ್ಕೆಯಲ್ಲವಂತೆ, ಹುಳವಂತೆ. ಹಕ್ಕಿ ತಿನ್ನಬಾರದೆಂದು ಹಿಕ್ಕೆಯ ವೇಷ ಹಾಕಿಕೊಂಡು ಕೂತಿರುತ್ತದಂತೆ. ಸ್ವಲ್ಪ ದೊಡ್ಡದಾದ ಮೇಲೆ ವೇಷ ಬದಲಿಸಿ ಹಸಿರಾಗುತ್ತದೆ, ಮುಟ್ಟಿದರೆ ತಲೆಯಿಂದ ಕೆಂಪು ಕೋಡು ಚಾಚಿ ನಾರುತ್ತದೆ. ಈ ನಾಟಕ ಮಂಡಳಿಗಾಗಿ ನಮ್ಮ ಸಾರಿಗೆ ಒಗ್ಗರಣೆ ಇಲ್ಲದಂತಾಯಿತು. ಕೊನೆಗೆ ನನ್ನ ಗೊಣಗಾಟ ತಾಳದೆ ಅವನೇ ಸಂತೆಗೆ ಕರಿಬೇವು ತರಲು ಹೋದ. ಕಾಯಿಪಲ್ಯದ ಹೆಂಗಸು ನಮ್ಮ ಮನೆ ಬಲ್ಲವಳು. ನಿಮ್ಮ ಹಿತ್ತಲದಾಗ ಗಿಡ ಐತೆಲ್ರಿ ಎಂದು ಕೇಳಿದಳಂತೆ.

"ಐತ್ರಿ," ಎಂದನಂತೆ ಇವನು. "ಆದ್ರ ಸೀಟ ಖಾಲಿ ಇಲ್ಲ."

ಅವನ ಬಾಯಲ್ಲಿ ಎಲ್ಲವೂ ಬಸ್ಸೇ. ಹುಳ ಎಂದರೆ ಸಂತೆಯ ದಿನದ ಗಾಡಿ, ಸಿಕ್ಕಷ್ಟು ತುಂಬುತ್ತಲೇ ಇರಬೇಕು. ಮೈ ಹಿಡಿಯದಂತಾದಾಗ ಹಳೆಯ ಚರ್ಮ ಕಳಚಿ ಇನ್ನಷ್ಟು ತುಂಬುವುದು. ಆಮೇಲೆ ಒಂದು ದಿನ ತಿನ್ನುವುದನ್ನು ಬಿಟ್ಟು ಎಲ್ಲಿಯೋ ಹೋಗಿ ಅಂಟಿಕೊಂಡು ಗೂಡಾಗುತ್ತದೆ. ಅದೇನೋ ಸತ್ತಿದೆ ಎಂದು ನಾನು ಹೇಳಿದೆ. "ಸತ್ತಿಲ್ಲಕ್ಕಾ, ಡೆಪೋಕ್ಕ ಹೋಗೇತಿ. ಒಳಗ ಬಾಡಿ ಕಟ್ಟಾಕತ್ತಾರ," ಎಂದ.

ಪಕ್ಕದ ಮನೆಯ ಕಾಕೂಗೆ ಬಸ್ಸಿನ ಭಾಷೆ ತಿಳಿಯದು. ಬೆಳಗಾದರೆ ಬಸದಿ, ಸೂರ್ಯ ಮುಳುಗುವುದರೊಳಗೆ ಊಟ, ಅವರದು ಹಾಗೆ. ಅವರಿಗಾಗಿ ಇವನು ಬೇರೆಯೇ ಪಾಠ ಸಿದ್ಧ ಮಾಡಿದ. ಈ ಹುಳ ನಮ್ಮ ಪೈಕಿಯದೇ, ಕಾಕೂ. ಉಳ್ಳಾಗಡ್ಡಿ ಮುಟ್ಟುವುದಿಲ್ಲ, ಬಟಾಟೆ ಮುಟ್ಟುವುದಿಲ್ಲ, ನೆಲದೊಳಗಿನದು ಯಾವುದೂ ಇದಕ್ಕೆ ಬೇಡ. ಬರೀ ಎಲೆ. ಗೂಡು ಕಟ್ಟಿ ಕೂತಿತೆಂದರೆ ಅದು ಚಾತುರ್ಮಾಸ: ನಡೆಯುವುದಿಲ್ಲ, ಉಣ್ಣುವುದಿಲ್ಲ, ಮಾತಿಲ್ಲ. ಕಾಕೂ ಎಷ್ಟು ಖುಷಿಯಾದರೆಂದರೆ ಬಸದಿಯಿಂದ ಬರುವಾಗ ನಮ್ಮ ಹಿತ್ತಲಿಗೂ ಬಂದು ಗೂಡಿಗೆ ಕೈ ಮುಗಿದು ಹೋಗತೊಡಗಿದರು.

ಅಷ್ಟಕ್ಕೆ ನಿಲ್ಲಿಸಬಾರದೇ? ಬಲ್ಲದ್ದನ್ನೆಲ್ಲ ಹೇಳದಿದ್ದರೆ ಇವನಿಗೆ ಉಂಡ ಅನ್ನ ಅರಗುವುದಿಲ್ಲ. ಒಂದು ದಿನ ಎಲೆಯ ಹಿಂದಿನ ಸಾಸಿವೆಯಂಥ ತತ್ತಿ ತೋರಿಸಿ, ಮರಿ ಹೊರಗೆ ಬಂದ ಕೂಡಲೇ ತನ್ನ ತತ್ತಿಯನ್ನೇ ಮೊದಲು ತಿನ್ನುತ್ತದೆ ಎಂದುಬಿಟ್ಟ. ಕಾಕೂ ಮುಗಿದ ಕೈ ಹಾಗೆಯೇ ನಿಂತಿತು.

"ತತ್ತಿ ತಿಂತಾವ?"

"ಸಿಪ್ಪಿ ಅಷ್ಟರೀ ಕಾಕೂ. ಒಳಗಿಂದಲ್ಲ."

ಕಾಕೂ ನಮ್ಮ ನಳಕ್ಕೆ ಹೋಗಿ ಕೈ ತೊಳೆದು, ಸ್ವಲ್ಪ ಯೋಚಿಸಿ, ಕಾಲನ್ನೂ ತೊಳೆದು ಮನೆಗೆ ಹೋದರು.

ಕೊಡೆಯ ಸಂಗತಿ ಇದಕ್ಕಿಂತ ಘೋರ. ಗೂಡಾಗುವ ಮುಂಚೆ ಹುಳ ಗಿಡ ಬಿಟ್ಟು ಜಾಗ ಹುಡುಕುತ್ತ ತಿರುಗುತ್ತದೆ. ಊರೆಲ್ಲ ಬಿಟ್ಟು ಒಂದು ಮಹಾಶಯನಿಗೆ ಪಡಸಾಲೆಯಲ್ಲಿ ತೂಗುಹಾಕಿದ್ದ ನನ್ನ ಕೊಡೆಯೇ ಬೇಕಾಯಿತು. ಮಳೆಗಾಲ. ನಿಪ್ಪಾಣಿಯಲ್ಲಿ ಬೀಗರ ಮನೆಯ ನಾಮಕರಣ. ನಾನು ಕೊಡೆ ತೆಗೆದುಕೊಳ್ಳಲು ಹೋದರೆ ಇವನು ಎರಡೂ ಕೈ ಚಾಚಿ ಗೋಡೆಗೆ ಅಡ್ಡ ನಿಂತ. "ತೆರೀಬ್ಯಾಡಕ್ಕಾ. ಒಳಗ ಮಹಾರಾಜ್ರು ಕುಂತಾರ." ನಾನು ತೊಯ್ದು ತಪ್ಪಡಿಯಾಗಿ ನಾಮಕರಣಕ್ಕೆ ಹೋದೆ. ತೊಟ್ಟಿಲಲ್ಲಿದ್ದ ಕೂಸಿಗಿಂತ ಹೆಚ್ಚು ಟವೆಲ್ಲುಗಳನ್ನು ನನಗೆ ಸುತ್ತಿದರು. ಕೊಡೆ ಇದ್ದಿಲ್ಲೇನ್ರಿ ಎಂದು ಎಲ್ಲರೂ ಕೇಳಿದರು. ಕೊಡೆಯಲ್ಲಿ ಬೇರೆಯವರಿದ್ದರು ಎಂದು ಹೇಗೆ ಹೇಳಲಿ?

ಅದೇ ಚಾತುರ್ಮಾಸಕ್ಕೆ ನಮ್ಮ ಬಸದಿಯಲ್ಲಿ ನಿಜವಾದ ಮುನಿ ಮಹಾರಾಜರೂ ಉಳಿದಿದ್ದರು. ಹುಳಹುಪ್ಪಡಿ ಕಾಲಿಗೆ ಸಿಗುವ ಕಾಲವೆಂದೇ ಅವರು ಮಳೆಗಾಲದಲ್ಲಿ ವಿಹಾರ ನಿಲ್ಲಿಸಿ ಒಂದೇ ಊರಲ್ಲಿರುವುದು. ಇವನು ಅವರ ಬಳಿ ಹೋಗಿ ತನ್ನ ಪ್ರಶ್ನೆ ಇಟ್ಟ. ಬಂದು, "ಹುಳಕ್ಕ ಅಡ್ಡಿ ಮಾಡಬ್ಯಾಡ್ರಿ ಅಂತ ಮಹಾರಾಜ್ರ ಹೇಳ್ಯಾರ," ಎಂದು ನನಗೆ ತಿಳಿಸಿದ. ಮಹಾರಾಜರ ಮಾತಿಗೆ ಎದುರಾಡುವುದುಂಟೇ? ಬಾಯಿ ಮುಚ್ಚಿಕೊಂಡೆ. ಆಮೇಲೆ ಕಾಕೂ ಬಾಯಿಂದ ಪೂರ್ತಿ ಮಾತು ತಿಳಿಯಿತು. ಹುಳಕ್ಕೆ ಅಡ್ಡಿ ಮಾಡಬೇಡಿ, ಹಾಗೆಯೇ ಅಕ್ಕನಿಗೂ ತ್ರಾಸು ಕೊಡಬೇಡಿ ಎಂದಿದ್ದರಂತೆ. ಕೇಳಿದರೆ, ಎರಡನೆಯದು ಗದ್ದಲದಲ್ಲಿ ಕೇಳಿಸಲಿಲ್ಲ ಎಂದ. ಮಹಾರಾಜರ ಮಾತಿಗೂ ಅರ್ಧ ಟಿಕೀಟು ಹರಿದಿದ್ದ!

ಹಿತ್ತಲಿನ ಪಾತರಗಿತ್ತಿಗಳಾದರೂ ಮನೆಯ ಮಂದಿ ಎನ್ನೋಣ. ಇವನ ನಿಜವಾದ ಪ್ರೀತಿ ಪರಸ್ಥಳದವುಗಳ ಮೇಲೆ. ಕಪ್ಪು ರೆಕ್ಕೆ, ಅದರ ಮೇಲೆ ತಿಳಿನೀಲಿ ಗೀರು ಮತ್ತು ಚುಕ್ಕೆ. ಮಳೆ ಶುರುವಾಗುವಾಗ ಘಟ್ಟದಿಂದ ಬಯಲಿಗೆ ಬರುತ್ತವಂತೆ. ಮಳೆ ಮುಗಿದು ದಸರೆಯ ಆಚೀಚೆ ಬಯಲಿನಿಂದ ಘಟ್ಟಕ್ಕೆ ಮರಳುತ್ತವಂತೆ. ಅದರಲ್ಲೂ ಬಂದವು ಬೇರೆ, ಮರಳುವವು ಬೇರೆ. ನಡುವೆ ತತ್ತಿ, ಹುಳ, ಗೂಡು ಎಲ್ಲ ಆಗಿಹೋಗಿರುತ್ತದೆ, ಹಿಂದಿರುಗುವವು ಮಕ್ಕಳು. ದಾರಿಯನ್ನು ಯಾರೂ ತೋರಿಸಿರುವುದಿಲ್ಲ, ಆದರೂ ತಪ್ಪುವುದಿಲ್ಲ. ಹಾಗಾದರೆ ಹೋಗುವ ಟಿಕೀಟು ಅಪ್ಪನದು, ಬರುವ ಟಿಕೀಟು ಮಗನದೇನು ಎಂದು ಕೇಳಿದೆ. ನಾನು ಗೇಲಿ ಮಾಡಿದ್ದು ತಿಳಿಯದೆ, ಈಗ ನಿನಗೆ ಅರ್ಥವಾಯಿತು ನೋಡು ಎಂದು ಸಂತೋಷಪಟ್ಟ.

ಅವುಗಳ ದಾರಿ ಯಾವುದು ಅಂತೀರಿ? ಅಥಣಿಯ ಕಡೆಯಿಂದ ಬಂದು ಚಿಕ್ಕೋಡಿ ಹಾಯ್ದು ನಿಪ್ಪಾಣಿಯ ಕಡೆಗೆ. ಇವನ ಬಸ್ಸಿನದೇ ರೂಟು! ಮುಂದೆ ಗಡಿ ದಾಟಿ ಮಹಾರಾಷ್ಟ್ರದ ಘಟ್ಟಕ್ಕೂ ಹೋಗುತ್ತವಲ್ಲ, ಅಲ್ಲಿ ಅವನ್ನು ಯಾರೂ ತಡೆಯುವುದಿಲ್ಲವೇ ಎಂದು ಕಾಕೂ ಒಮ್ಮೆ ಕೇಳಿದರು. "ಏನೂ ತ್ರಾಸ ಇಲ್ರಿ," ಎಂದ ಇವನು. "ಗಡಿ ಮ್ಯಾಲಿನ ಕೊಗನೊಳ್ಳಿ ತನಕ ಪಾತರಗಿತ್ತಿ. ಅಲ್ಲಿಂದ ಮುಂದ ಫುಲಪಾಖರು. ಹೆಸರ ಅಷ್ಟ ಬದಲಿ."

ಹೋದ ವರ್ಷ ಅವು ಘಟ್ಟಕ್ಕೆ ಮರಳುವ ಕಾಲಕ್ಕೆ ಇವನು ಮಾಡಿದ ಘನಕಾರ್ಯ ಕೇಳಿ. ನಿಪ್ಪಾಣಿ ರಸ್ತೆಗೆ ಹೊಂದಿ ನನ್ನದೊಂದು ಸಣ್ಣ ಹೊಲವಿದೆ. ಅದರ ಎದುರು, ನಟ್ಟನಡು ರಸ್ತೆಯಲ್ಲಿ ಕೆಂಪು ಟವೆಲ್ ಹಿಡಿದು ನಿಂತುಬಿಟ್ಟ. ಬಸ್ಸು ನಿಂತವು, ಲಾರಿ ನಿಂತವು, ಕಬ್ಬಿನ ಟ್ರ್ಯಾಲಿ ನಿಂತವು. ಅಪಘಾತವೇ ಆಗಿದೆ ಎಂದು ಜನ ಕೆಳಗಿಳಿದರು. ಏನೂ ಇಲ್ಲ, ಪಾತರಗಿತ್ತಿ ರಸ್ತೆ ದಾಟುತ್ತಿವೆ, ಸ್ವಲ್ಪ ತಡೆಯಿರಿ ಎಂದನಂತೆ. ಒಬ್ಬ ಲಾರಿಯವನು ಇವನ ವಯಸ್ಸು ನೋಡಿ ಬೈಗುಳವನ್ನು ಮರಾಠಿಯಲ್ಲಿ ಬೈದ. ನಮಗೆ ಮರಾಠಿ ಬರುವುದಿಲ್ಲವೆಂದು ತಿಳಿದಿದ್ದನೋ ಏನೋ, ಪಾಪ! ಬಸ್ಸಿನ ಡ್ರೈವರ್ ಹಳೆಯ ಪರಿಚಯದವನು. ಅವನೇ ಇವನನ್ನು ಗಾಡಿಗೆ ಹತ್ತಿಸಿ ಮನೆಗೆ ತಂದು ಬಿಟ್ಟ. "ಅಕ್ಕಾರ, ಇವರನ್ನ ರಸ್ತೆಕ್ಕ ಬಿಡಬ್ಯಾಡ್ರಿ," ಎಂದು ನನಗೆ ಬುದ್ಧಿ ಹೇಳಿ ಹೋದ. ಹಾಸ್ಟೆಲಿನಲ್ಲಿ ಅಷ್ಟು ಹುಡುಗಿಯರನ್ನು ಕಾಯ್ದವಳಿಗೆ ಈ ವಯಸ್ಸಿನಲ್ಲಿ ಇಂಥ ಮಾತು!

ಈಗ ಈ ವರ್ಷಕ್ಕೆ ಬರೋಣ. ಕಬ್ಬು ನೆಡುವ ಮುಂಚೆ ಹೊಲಕ್ಕೆ ಸಣಬು ಬಿತ್ತುವುದು ನಮ್ಮಲ್ಲಿ ವಾಡಿಕೆ. ಹೂವಿಗೆ ಬರುತ್ತಲೇ ಟ್ರ್ಯಾಕ್ಟರಿನಿಂದ ಮಣ್ಣಿಗೆ ಸೇರಿಸಿದರೆ ಒಳ್ಳೆಯ ಗೊಬ್ಬರ. ತಡವಾದರೆ ದಂಟು ನಾರಾಗಿ ಕೊಳೆಯುವುದಿಲ್ಲ, ಕಬ್ಬೂ ಹಿಂದೆ ಬೀಳುತ್ತದೆ. ಸಣಬು ಹೂ ಬಿಟ್ಟಿತು. ಹಳದಿ ಹೂ ಕಂಡು ನಾನು ಟ್ರ್ಯಾಕ್ಟರಿನ ದಸ್ತಗೀರನಿಗೆ ಹೇಳಿಕಳಿಸಿದೆ. ನನಗಿಂತ ಮೊದಲು ಇವನು ಅವನಿಗೆ ಬೇಡವೆಂದು ಹೇಳಿಯಾಗಿತ್ತು.

ಆ ಸಣಬಿನ ಬಾಡಿದ ದಂಟು ಮತ್ತು ಎಲೆಯೆಂದರೆ ನೀಲಿ ಪಾತರಗಿತ್ತಿಗಳಿಗೆ ಪ್ರಾಣವಂತೆ. ಎಷ್ಟು ದೂರದಿಂದ ಬರಲಿ, ವಾಸನೆ ಹಿಡಿದು ಇಳಿದೇ ಇಳಿಯುತ್ತವಂತೆ. ಕುಳಿತು ಅದರ ಕಹಿ ರಸ ಹೀರುತ್ತವೆ. ಆ ಕಹಿ ಮೈಯಲ್ಲಿದ್ದರೆ ಹಕ್ಕಿಗಳು ಮುಟ್ಟುವುದಿಲ್ಲ. ಹಾಗೆ ಬಂದು ಕೂರುವುದು ಹೆಚ್ಚಾಗಿ ಗಂಡುಗಳೇ. ಹೆಣ್ಣುಗಳ ಮನಸ್ಸು ಗೆಲ್ಲುವ ಸುಗಂಧವನ್ನೂ ಅದರಿಂದಲೇ ಮಾಡಿಕೊಳ್ಳುತ್ತವಂತೆ. ಊರ ಗಂಡಸರೆಲ್ಲ ಎಲೆಯೊಂದನ್ನು ಮೆಲ್ಲುತ್ತ ಗುಂಪಾಗಿ ಕೂರುವುದು ನಿಪ್ಪಾಣಿಯ ತಂಬಾಕಿನ ಕಟ್ಟೆಯಲ್ಲಿ ಮಾತ್ರ ಎಂದುಕೊಂಡಿದ್ದೆ. ಅವರ ಬಾಯಿಂದ ಸುಗಂಧ ಬಂದದ್ದನ್ನು ಮಾತ್ರ ನಾನು ಕಾಣೆ.

"ಒಂದು ಕೋರಿಕೆ ನಿಲುಗಡೆ ಅಂತ ತಿಳಕೋ, ಅಕ್ಕಾ," ಎಂದ. "ಬಂದು ಇಳೀತಾವ, ಹೋಗ್ತಾವ. ಅಲ್ಲೀತನಕ ಹೊಲ ಹರಗಬ್ಯಾಡ."

ಯಾವಾಗ ಬರುತ್ತವೆ ಎಂದರೆ ದಸರೆಗೆ ಎಂದ. ದಸರೆ ಬಂತು, ಬನ್ನಿ ಹಂಚಿದ್ದಾಯಿತು. ಹುಣ್ಣಿಮೆಗೆ ಎಂದ. ಹುಣ್ಣಿಮೆ ಬಂತು. ದೀಪಾವಳಿ ಎಂದ. ಇಂಥ ಸರ್ವಿಸ್ ಇದ್ದ ಬಸ್ಸಿಗೆ ಜನ ಕಾಯುತ್ತಿದ್ದರೇ? ಈ ನಡುವೆ ದಿನಾ ಹೊಲಕ್ಕೆ ಹೋಗಿ ರಸ್ತೆಯ ಬದಿಯ ಸಾಲಿನಲ್ಲಿ ಸಣಬು ಮುರಿದು, ಸಣ್ಣ ಸಣ್ಣ ಕಟ್ಟು ಮಾಡಿ, ಬಾಡಲೆಂದು ಬೇಲಿಯ ತಂತಿಗೆ ತಲೆಕೆಳಗಾಗಿ ತೂಗುಹಾಕಿ ಬರುತ್ತಿದ್ದ. ದಾರಿಹೋಕರು ಗಾಡಿ ನಿಲ್ಲಿಸಿ ಮೆಂತ್ಯ ಹೇಗೆ ಕೊಟ್ಟಿರಿ ಎಂದು ಕೇಳುತ್ತಿದ್ದರು. ಬೀಜದ ಕಬ್ಬು ಕೊಡುತ್ತೇವೆ ಎಂದಿದ್ದ ಬೋರಗಾಂವದ ಬೀಗರು, ಇನ್ನೂ ತಡವಾದರೆ ಬೇರೆಯವರಿಗೆ ಕೊಡುತ್ತೇವೆ ಎಂದು ಫೋನ್ ಮಾಡಿದರು. ನನಗೆ ಕೂತರೂ ದಣಿವು, ನಿಂತರೂ ದಣಿವು. ಜಗಳಾಡಲಿಕ್ಕೂ ತ್ರಾಣ ಬೇಕಲ್ಲ?

ದೀಪಾವಳಿಯ ಬೆಳಗ್ಗೆ ಬಸದಿಯಲ್ಲಿ ತೀರ್ಥಂಕರರ ನಿರ್ವಾಣದ ಲಾಡು ಏರಿಸಿ ಬಂದೆವು. ಪಾತರಗಿತ್ತಿಯ ಸುಳಿವಿಲ್ಲ. ಮರುದಿನ ಇವನನ್ನು ಕೇಳದೆ ದಸ್ತಗೀರನನ್ನು ಕರೆಸಿದೆ. ನಾವು ಹೊಲ ಮುಟ್ಟಿದಾಗ ಇವನು ಬದುವಿನ ಮೇಲೆ ಕೂತಿದ್ದ. ಟ್ರ್ಯಾಕ್ಟರಿಗೆ ಅಡ್ಡ ಬೀಳುತ್ತಾನೆ, ಮಹಾರಾಜರ ಅರ್ಧ ಮಾತು ಹೇಳುತ್ತಾನೆ, ಕನಿಷ್ಠ ಟವೆಲ್ಲಾದರೂ ಬೀಸುತ್ತಾನೆ ಎಂದು ನಾನು ಸಿದ್ಧಳಾಗಿ ಹೋಗಿದ್ದೆ. ಏನೂ ಮಾಡಲಿಲ್ಲ. ದಸ್ತಗೀರನಿಗೆ ರಸ್ತೆಯ ಬದಿಯಿಂದ ಶುರು ಮಾಡಲು ಹೇಳಿದೆ. ಟ್ರ್ಯಾಕ್ಟರು ತಿರುಗಿತು.

"ಆ ಬದಿ ಬ್ಯಾಡಕ್ಕಾ," ಎಂದ ಮೆಲ್ಲಗೆ. "ಹಿಂದಿಂದ ಶುರು ಮಾಡ ಅನ್ನು. ರಸ್ತೆ ಬದೀದು ಕಡೀಕ ಇರ್ಲಿ."

ರಸ್ತೆಯ ಬದಿಯಲ್ಲಿ ಅಂಥದ್ದೇನಿದೆ ಎಂದು ರೇಗಿದೆ. ಅವು ಇಳಿಯುವುದೇ ಆದರೆ ನಡು ಹೊಲದಲ್ಲಿ ಇಳಿಯಲಿ, ಹಿಂದಿನ ಬದುವಿನ ಮೇಲೆ ಇಳಿಯಲಿ. ಗಾಡಿಗಳ ಬಾಯಿಗೇ ಯಾಕೆ ಕರೆಯಬೇಕು ಇವನು?

ವಾಸನೆ ರಸ್ತೆಯ ಅಂಚಿಗೇ ಸಿಕ್ಕರೆ ಅವು ಮೇಲಿನಿಂದಲೇ ದಾಟಿ ಬಂದು ಇಲ್ಲಿ ಇಳಿಯುತ್ತವೆ, ಗಾಡಿಗೆ ಸಿಗುವುದಿಲ್ಲ ಎಂದ. ಆಮೇಲೆ ನನ್ನ ಕಡೆ ನೋಡದೆ, ರಸ್ತೆಯನ್ನು ನೋಡುತ್ತ ಹೇಳಿದ. ದೀಪಾವಳಿಯ ದಿನಗಳಲ್ಲಿ ಅಥಣಿಯಿಂದ ಹೊರಡುವ ಬೆಳಗಿನ ಗಾಡಿ. ಬಿಸಿಲೇರುವ ಹೊತ್ತಿಗೆ ಸರಿಯಾಗಿ ಈ ಹೊಲದ ಹತ್ತಿರ ಬರುತ್ತಿತ್ತು. ಅವೂ ಬಿಸಿಲಿಗೇ ಏಳುತ್ತಿದ್ದವು. ಅತ್ತ ಕಡೆಯ ಗಿಡಗಳಿಂದ ಎದ್ದು ರಸ್ತೆಯ ಮೇಲೆ ಹಾಯುವಾಗ ಗಾಡಿ ಅವುಗಳ ನಡುವೆಯೇ ನುಗ್ಗಬೇಕು. ಡ್ರೈವರಿಗೆ ವೇಳೆ ನೋಡಬೇಕು, ಪ್ರಯಾಣಿಕರಿಗೆ ಕೆಲಸ. ಮುಂದಿನ ಗಾಜಿಗೆ ಮಳೆ ಹೊಡೆದಂತೆ ಸಪ್ಪಳ ಬರುತ್ತಿತ್ತಂತೆ.

"ನಿಪ್ಪಾಣಿ ಸ್ಟ್ಯಾಂಡದಾಗ ಡ್ರೈವರ ಚಾಕ್ಕ ಹೋಗ್ತಿದ್ದ," ಎಂದ. "ನಾನು ಬಕೀಟ ತೊಗೊಂಡು ಗಾಜ ತೊಳೀತಿದ್ದೆ. ಯಾರೂ ಹೇಳಿದ್ದಿಲ್ಲ. ಕಂಡಕ್ಟರನ ಕೆಲಸಾನೂ ಅಲ್ಲ ಅದು. ನೀಲಿ ಪುಡಿ, ಅಕ್ಕಾ, ಕೈಗಿ ಹತ್ತಿದ್ರ ಹೋಗ್ತಿದ್ದಿಲ್ಲ."

ಇರುವೆ ಕಂಡರೆ ದಾಟಿ ನಡೆಯಿರಿ ಎಂದು ಕಲಿಸಿದ ಮನೆಯಲ್ಲಿ ಬೆಳೆದವರು ನಾವಿಬ್ಬರೂ. ಗಾಡಿ ಓಡಿಸಿದ್ದು ನೀನಲ್ಲವಲ್ಲ ಎಂದೆ.

"ಘಂಟಿ ಹಗ್ಗ ನನ್ನ ಕೈಯಾಗ ಇತ್ತಲ್ಲ," ಎಂದ. "ಎರಡ ಸಲ ಎಳದ್ರ ಗಾಡಿ ಹೊಂಡತೈತಿ. ಒಂದ ಸಲ ಎಳದ್ರ ನಿಂದರತೈತಿ. ಒಂದ ಸಲ ಎಳೀಬೇಕಂತ ಪ್ರತಿ ವರ್ಷಾ ಕೈ ಎತ್ತತಿದ್ದೆ. ಜನ ನಗ್ತಾರಂತ ಎಳೀಲಿಲ್ಲ."

ದಸ್ತಗೀರ ಸಣಬಿನ ಅಂಚಿಗೆ ಬಂದಿದ್ದ. ಆ ಸಪ್ಪಳದಲ್ಲಿ ಕೂಗಿದರೆ ಕೇಳುವುದಿಲ್ಲ. ನಾನು ಹೋಗಿ ಟ್ರ್ಯಾಕ್ಟರಿನ ಮುಂದೆ ನಿಂತೆ. ಅವನು ಗಾಬರಿಯಿಂದ ಎಂಜಿನ್ ಆರಿಸಿ, "ಏನಾತ್ರಿ ಅಕ್ಕಾರ?" ಎಂದ. ಹಿಂದಿನಿಂದ ಹರಗು, ರಸ್ತೆಯ ಬದಿಯ ಪಟ್ಟಿ ನಿಲ್ಲಲಿ, ಅಲ್ಲಿ ಈ ವರ್ಷ ಕಬ್ಬಿಲ್ಲ ಎಂದೆ. ಅವನು ನನ್ನನ್ನೊಮ್ಮೆ, ತಮ್ಮನನ್ನೊಮ್ಮೆ ನೋಡಿದ. ಈ ಹುಚ್ಚು ಮನೆಮಂದಿಗೆಲ್ಲ ತಗಲುತ್ತದೆ ಎಂದುಕೊಂಡಿರಬೇಕು. ಟ್ರ್ಯಾಕ್ಟರು ತಿರುಗಿಸಿದ.

ಕೆಲವು ದಿನಗಳ ಮೇಲೆ, ಕಬ್ಬು ನೆಡುವವರಿಗೆ ಬುತ್ತಿ ತೆಗೆದುಕೊಂಡು ಹೊಲಕ್ಕೆ ಹೋದಾಗ, ಬದುವಿನ ಮೇಲಿಂದ ಇವನು ಕೈ ಸನ್ನೆ ಮಾಡಿ ಕರೆದ. ಕೂಗಲಿಲ್ಲ. ಹತ್ತಿರ ಹೋದರೆ, ಬಾಡಿದ ಸಣಬಿನ ಕಟ್ಟುಗಳ ಬಣ್ಣವೇ ಬದಲಾಗಿತ್ತು. ಕಪ್ಪು, ನೀಲಿ, ಒಂದರ ಮೇಲೊಂದು, ಎಲೆ ಕಾಣದಷ್ಟು. ಒಮ್ಮೆ ರೆಕ್ಕೆ ಮುಚ್ಚುತ್ತಿದ್ದವು, ಒಮ್ಮೆ ತೆರೆಯುತ್ತಿದ್ದವು. ಅತ್ತ ಗಿಡಗಳಿಂದ ಇನ್ನೂ ಬರುತ್ತಿದ್ದವು. ರಸ್ತೆಯ ಅಂಚಿಗೆ ಇರುವ ಬೇವಿನ ಮರಗಳ ಎತ್ತರಕ್ಕೇ ಹಾಯ್ದು ಬಂದು, ರಸ್ತೆ ದಾಟಿದ ಮೇಲೆ ನಮ್ಮ ಸಾಲಿಗೆ ಇಳಿಯುತ್ತಿದ್ದವು. ಇಳಿದವು ಮತ್ತೆ ರಸ್ತೆಯ ಕಡೆ ಹೋಗುತ್ತಿರಲಿಲ್ಲ. ನೆಡುವ ಹೆಣ್ಣುಮಕ್ಕಳು ಕೈಯಲ್ಲಿ ಕಬ್ಬಿನ ತುಂಡು ಹಿಡಿದು ಹಾಗೆಯೇ ನಿಂತಿದ್ದರು.

ನನಗೂ ನೋಡಿ ತಣಿಯಲಿಲ್ಲ. ಇಷ್ಟು ದಿನ ಬೈದದ್ದೆಲ್ಲ ಮರೆತು, ಎಷ್ಟು ಚೆಂದವಿದೆಯೋ ತಮ್ಮಾ ಎನ್ನಲು ತಿರುಗಿದೆ.

ಅವನು ಅವುಗಳನ್ನು ನೋಡುತ್ತಿರಲಿಲ್ಲ. ಅಥಣಿಯ ಕಡೆಯಿಂದ ಬೆಳಗಿನ ಬಸ್ಸು ಬರುತ್ತಿತ್ತು. ಎದ್ದು ನಿಂತು, ಬೇಲಿಯ ತಂತಿಯನ್ನು ಎರಡೂ ಕೈಯಲ್ಲಿ ಹಿಡಿದು, ಬಸ್ಸಿನ ಮುಂದಿನ ಗಾಜನ್ನೇ ನೋಡುತ್ತಿದ್ದ. ಬಸ್ಸು ಹತ್ತಿರ ಬಂತು, ನಮ್ಮನ್ನು ಹಾಯ್ದು ಹೋಯಿತು.

ನಾನೂ ನೋಡಿದೆ. ಗಾಜಿನ ಮೇಲೆ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ.